ಆಕಾಶಗಂಗೆಯ ಸದ್ದು ಕುಗ್ಗಿದಾಗ

ಧ್ರುವಪ್ರಭೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ತೂಗಾಡುವ ಹಸಿರು ಪರದೆ. ಆ ಹಸಿರು ಹೊತ್ತಿಕೊಳ್ಳುವುದು ನೆಲದಿಂದ ಸುಮಾರು 110 ಕಿ.ಮೀ. ಮೇಲೆ, ಕೆಲವು ಸಾವಿರ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳು ಗಾಳಿಗೆ ಬಡಿದಾಗ. ಅವಕ್ಕಿಂತ ಹತ್ತಾರು ಪಟ್ಟು ಬಿರುಸಿನವು ಅಲ್ಲಿ ನಿಲ್ಲದೆ 70–90 ಕಿ.ಮೀ. ಎತ್ತರದವರೆಗೂ ನುಗ್ಗುತ್ತವೆ. ಇವು ಕಣ್ಣಿಗೆ ಕಾಣುವುದು ಕಡಿಮೆ, ಆದರೆ ಧ್ರುವದ ಕಡೆ ಹಾರುವ ವಿಮಾನಗಳ ಶಾರ್ಟ್‌ವೇವ್ ರೇಡಿಯೋವನ್ನು ಮೂಕಗೊಳಿಸಬಲ್ಲವು. ಅಳೆಯೋಣವೆಂದರೆ ಆ ಎತ್ತರ ಬಲೂನಿಗೆ ಎಟುಕದು, ಉಪಗ್ರಹ ಅಷ್ಟು ಕೆಳಗೆ ಇಳಿಯದು. ರಾಕೆಟ್ಟಿನದು ಕೆಲವೇ ನಿಮಿಷದ ಮಾತು.

ರಿಯೋಮೀಟರ್ ಎಂಬ ಉಪಕರಣ ಇದಕ್ಕೊಂದು ಸೋಮಾರಿ ಉಪಾಯ ಹೂಡುತ್ತದೆ. ಆಕಾಶಕ್ಕೆ ಏನನ್ನೂ ಕಳಿಸದೆ ನೆಲದ ಮೇಲೆ ಕೂತು, ಆಕಾಶಗಂಗೆಯಿಂದ ಸದಾ ಸುರಿಯುವ ರೇಡಿಯೋ ಸದ್ದನ್ನು 30 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೇಳಿಸಿಕೊಳ್ಳುತ್ತದೆ. ಅಲಾಸ್ಕಾದಲ್ಲಿ ಅದನ್ನು ರೂಪಿಸಿದ ಗಾರ್ಡನ್ ಲಿಟಲ್ ಮತ್ತು ಹೆರಾಲ್ಡ್ ಲೈನ್‌ಬಾಕ್ 1959ರಲ್ಲಿ ವಿವರ ಪ್ರಕಟಿಸಿದರು.

ಬಿರುಸಿನ ಎಲೆಕ್ಟ್ರಾನುಗಳ ಮಳೆ ಬಿದ್ದಾಗ ಗಾಳಿಯ ಅಣುಗಳಿಂದ ಇನ್ನಷ್ಟು ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಮೇಲಿಂದ ಬಂದ ರೇಡಿಯೋ ಅಲೆ ಅವನ್ನು ತೂಗಿಸುತ್ತದೆ. ಇನ್ನೂ ಮೇಲಿನ ತೆಳುಗಾಳಿಯಲ್ಲಾಗಿದ್ದರೆ ಪಡೆದ ಶಕ್ತಿಯನ್ನು ಅವು ಅಲೆಗೇ ಮರಳಿಸುತ್ತಿದ್ದವು. ಇಲ್ಲಿ ಹಾಗಲ್ಲ, ತೂಗುವಷ್ಟರಲ್ಲಿ ಯಾವುದೋ ಅಣುವಿಗೆ ಡಿಕ್ಕಿ. ಅಲೆಯ ಶಕ್ತಿ ಶಾಖವಾಗಿ ಸೋರುತ್ತದೆ, ಕೆಳಗಿನ ಆಂಟೆನಾಗೆ ಸದ್ದು ಕುಗ್ಗಿ ಬರುತ್ತದೆ. 1 ಡೆಸಿಬೆಲ್ ಇಳಿದರೆ ಐದರಲ್ಲೊಂದು ಪಾಲು ಹೋಯಿತೆಂದು ಲೆಕ್ಕ. 3 ಇಳಿದರೆ ಅರ್ಧ. ತೂಬಿನಲ್ಲಿ ಬಿಟ್ಟ ನೀರೆಷ್ಟು, ಕೊನೆಯ ಗದ್ದೆಗೆ ಮುಟ್ಟಿದ್ದೆಷ್ಟು ಎಂದು ನೋಡಿ ನಡುವೆ ಇಂಗಿದ್ದನ್ನು ತಿಳಿದ ಹಾಗೆ.

ತೊಡಕೆಂದರೆ, ಈ ತೂಬಿನ ನೀರೇ ಒಂದೇ ಸಮ ಹರಿಯದು. ಆಕಾಶಗಂಗೆಯ ದಟ್ಟ ಭಾಗ ನೆತ್ತಿಗೆ ಬಂದಾಗ ಸದ್ದು ಏರುತ್ತದೆ, ಸರಿದಾಗ ಇಳಿಯುತ್ತದೆ, ಅದೂ ದಿನದಿನಕ್ಕೆ ಸುಮಾರು 4 ನಿಮಿಷ ಮುಂಚೆ. ಅದಕ್ಕೇ ಶಾಂತ ದಿನಗಳ ದಾಖಲೆಯಿಂದ, ನಕ್ಷತ್ರಗಳ ಗಡಿಯಾರಕ್ಕೆ ಹೊಂದಿಸಿ, ಒಂದು ಗೆರೆ ಎಳೆದಿಟ್ಟುಕೊಳ್ಳುತ್ತಾರೆ. ಇವತ್ತಿನ ಗೆರೆ ಅದಕ್ಕಿಂತ ಎಷ್ಟು ತಗ್ಗಿದೆಯೋ ಅದೇ ಅಳತೆ.

ಯಾವ ಶಕ್ತಿಯ ಕಣಗಳು ಎಷ್ಟೆಷ್ಟು ಬಿದ್ದವೆಂದು ಇದೊಂದೇ ಹೇಳಲಾರದು. ಅದಕ್ಕೆ ನಾರ್ವೆಯ ಟ್ರೊಮ್ಸೊದಲ್ಲಿರುವಂಥ ದೊಡ್ಡ ರೇಡಾರ್ ಬೇಕು. ಎಲ್ಲಿ ಬಿದ್ದವೆಂದು ಮಾತ್ರ ರಿಯೋಮೀಟರ್ ಹೇಳೀತು. ಫಿನ್ಲೆಂಡಿನ ಕಿಲ್ಪಿಸ್‌ಯಾರ್ವಿಯಲ್ಲಿ 1994ರಲ್ಲಿ ನೆಟ್ಟ ರಿಯೋಮೀಟರ್ 64 ಆಂಟೆನಾಗಳಿಂದ ಆಕಾಶವನ್ನು 49 ತುಂಡಾಗಿ ಆಲಿಸುವಂಥದ್ದು.

ಮೋಡವಿರಲಿ, ಹಗಲಿರಲಿ, ಇದಕ್ಕೆ ಅಡ್ಡಿಯಿಲ್ಲ. ನನಗೆ ಹಿಡಿಸಿದ್ದು ಇದರ ಬೆಳಗಿನ ಪಾಳಿ. ನಡುರಾತ್ರಿಯ ಪರದೆಯಾಟ ಮುಗಿದ ಮೇಲೂ ಬಿರುಸಿನ ಎಲೆಕ್ಟ್ರಾನುಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಪೂರ್ವಕ್ಕೆ ಸರಿಯುತ್ತ, ಬೆಳಕು ಹರಿಯುತ್ತಿರುವ ಊರುಗಳ ಮೇಲೆ ಬೀಳುತ್ತವೆ. ಫೋಟೋ ತೆಗೆಯಲು ಬಂದವರು ಕ್ಯಾಮೆರಾ ಮಡಚಿಟ್ಟು ಮಲಗಿರುವ ಆ ಹೊತ್ತಿನಲ್ಲೇ ರಿಯೋಮೀಟರಿನ ಗೆರೆ ಆಳಕ್ಕೆ ಕುಸಿಯುವುದು.