ನಿಮಗಿದು ಗೊತ್ತೆ? ಮಾತ್ರೆ ಅದಲುಬದಲಾದರೆ ಹೇಳುವ ಕೈಪಟ್ಟಿ!

ಒಂದೇ ವಾರ್ಡಿನಲ್ಲಿ ಇಬ್ಬರು ಮಂಜುನಾಥರು ದಾಖಲಾಗಿದ್ದರೆ ಒಬ್ಬರ ಮಾತ್ರೆ ಇನ್ನೊಬ್ಬರ ಪಾಲಾಗುವುದು ಅಸಾಧ್ಯವೇನಲ್ಲ. ಇದನ್ನು ತಡೆಯಲು ಕೆಲವು ಆಸ್ಪತ್ರೆಗಳು ರೋಗಿಯ ಕೈಪಟ್ಟಿಗೂ ಔಷಧದ ಪೊಟ್ಟಣಕ್ಕೂ ಆರ್‌ಎಫ್‌ಐಡಿ ಎಂಬ ರೇಡಿಯೊ ಗುರುತಿನ ಟ್ಯಾಗ್ ಅಂಟಿಸುತ್ತವೆ. ಅದರೊಳಗೆ ಇರುವುದು ಸಾಸಿವೆ ಕಾಳಿಗಿಂತ ಚಿಕ್ಕ ಚಿಪ್, ಸುತ್ತ ತೆಳುವಾದ ಲೋಹದ ಆಂಟೆನಾ. ಇಂಥ ಟ್ಯಾಗ್‌ಗೆ ಬ್ಯಾಟರಿಯೇ ಬೇಡ. ನರ್ಸ್ ಹಿಡಿದ ರೀಡರ್‌ನಿಂದ ಹೊಮ್ಮುವ ರೇಡಿಯೊ ತರಂಗದಿಂದಲೇ ಶಕ್ತಿ ಪಡೆದು ಚಿಪ್ ತನ್ನ ಸಂಖ್ಯೆ ಒಪ್ಪಿಸುತ್ತದೆ. ಬಾರ್‌ಕೋಡ್‌ನಂತೆ ಕಣ್ಣಿಗೆ ಕಾಣುವ ಹಾಗೆ ಹಿಡಿಯಬೇಕಿಲ್ಲ. ರೋಗಿ ಹೊದ್ದು ಮಲಗಿದ್ದರೂ ಎಬ್ಬಿಸದೆ ಓದಬಹುದು. ಕಂಪ್ಯೂಟರ್ ಆ ಸಂಖ್ಯೆಗಳನ್ನು ವೈದ್ಯರು ಬರೆದದ್ದರ ಜೊತೆ ತಾಳೆ ನೋಡುತ್ತದೆ. ರೋಗಿ, ಔಷಧ, ಪ್ರಮಾಣ, ಹೊತ್ತು ಯಾವುದು ತಪ್ಪಿದರೂ ಪರದೆಯ ಮೇಲೆ ಎಚ್ಚರಿಕೆ!

ಆದರೆ ಈ ತರಂಗಗಳದ್ದೂ ತಂಟೆ ಇದೆ. ನೆದರ್‌ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಂಶೋಧಕರು 41 ವೈದ್ಯಕೀಯ ಉಪಕರಣಗಳ ಬಳಿ 123 ಪರೀಕ್ಷೆ ನಡೆಸಿದಾಗ 34 ಸಲ ಅಡಚಣೆ ಕಂಡುಬಂತು, ಅವುಗಳಲ್ಲಿ 22 ಅಪಾಯಕಾರಿ ಎಂದು 2008ರಲ್ಲಿ ವರದಿ ಮಾಡಿದರು. ಸಿರಿಂಜ್ ಪಂಪ್ ನಿಂತದ್ದೂ ಉಂಟು, ವೆಂಟಿಲೇಟರ್ ಆಫ್ ಆದದ್ದೂ ಉಂಟು. ಪುಣ್ಯಕ್ಕೆ, ಪರೀಕ್ಷೆಯ ವೇಳೆ ಅವನ್ನು ಯಾವ ರೋಗಿಗೂ ಜೋಡಿಸಿರಲಿಲ್ಲ. ಇಂಥ ಟ್ಯಾಗ್, ರೀಡರ್‌ಗಳನ್ನು ಐಸಿಯುಗೆ ತರುವ ಮುನ್ನ ಅಲ್ಲಿನ ಯಂತ್ರಗಳ ಬಳಿಯೇ ಪರೀಕ್ಷಿಸಬೇಕು ಎಂಬುದು ಅವರ ಸಲಹೆ.

ಇನ್ನು ದ್ರವ ತುಂಬಿದ ಬಾಟಲಿ, ಲೋಹದ ಹಾಳೆಯ ಸ್ಟ್ರಿಪ್ ಅಡ್ಡ ಬಂದರೆ ಕೆಲವು ಟ್ಯಾಗ್‌ಗಳು ಸರಿಯಾಗಿ ಓದಿಸಿಕೊಳ್ಳುವುದೇ ಇಲ್ಲ. ಬಾರ್‌ಕೋಡ್‌ಗಿಂತ ಖರ್ಚೂ ಹೆಚ್ಚು.

ಟ್ಯಾಗ್ ಇರಲಿ, ಇಲ್ಲದಿರಲಿ, ಮಾತ್ರೆ ನುಂಗುವ ಮುನ್ನ ನಿಮ್ಮ ಪೂರ್ತಿ ಹೆಸರು ಹೇಳಿ, ‘ಇದು ಯಾವುದಕ್ಕೆ ಸಿಸ್ಟರ್?’ ಎಂದು ಕೇಳಲು ಸಂಕೋಚಪಡಬೇಡಿ.