ಹೊಸ ಪ್ಲಾಟ್‌ಫಾರಮ್ಮಿನಲ್ಲಿ ರೈಲು ನಿಂತೀತೆ?

ಮಾರಿಕುಪ್ಪದಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಒಮ್ಮೆ ಕುಳಿತು ನೋಡಬೇಕು. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ಮೇಲೆ, ಊರಿನಲ್ಲಿ ಕೆಲಸವಿಲ್ಲದೆ ದಿನವೂ ಬೆಂಗಳೂರಿಗೆ ಹೋಗಿ ಬರುವ ಮಂದಿಯೇ ಅದರ ತುಂಬ. ಹಿರಿಯರು ತೂಕಡಿಸುತ್ತಿರುತ್ತಾರೆ. ಹುಡುಗರ ಕಣ್ಣು ಕೈಯಲ್ಲಿನ ಫೋನಿನ ಮೇಲಿರುತ್ತದೆ. ಅವರು ಆಟವಾಡುತ್ತಿದ್ದಾರೆಂದು ನಾನು ತಿಳಿದಿದ್ದೆ. ಬಗ್ಗಿ ನೋಡಿದರೆ ಹಾಗಲ್ಲ. ಬೇರೆ ಯಾರೋ ಆಡುತ್ತಿರುವ ಆಟವನ್ನು ಇವರು ನೋಡುತ್ತಿದ್ದಾರೆ!

ಕೆಲವು ದಿನಗಳ ಹಿಂದೆ ಬಂಗಾರಪೇಟೆಯ ನಿಲ್ದಾಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಅವನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಇವನು ಹಗಲು ಬೆಂಗಳೂರಿನಲ್ಲಿ ಕೆಲಸ ಮಾಡಿ, ರಾತ್ರಿ ಫೋನಿನಲ್ಲಿ ಆಟವಾಡುತ್ತಾ ಅದನ್ನು ಜನರಿಗೆ ನೇರವಾಗಿ ಬಿತ್ತರಿಸುತ್ತಾನಂತೆ. “ಸಾರ್, ಹಳೇ ಕಡೆ ಎರಡು ವರ್ಷದಿಂದ ಇದೀನಿ. ಈಗ ಹೊಸದೊಂದು ಪ್ಲಾಟ್‌ಫಾರಂನವರು ಕರೀತಾ ಇದಾರೆ. ಬಂದ ದುಡ್ಡಲ್ಲಿ ಜಾಸ್ತಿ ಪಾಲು ಕೊಡ್ತಾರಂತೆ. ಹೋಗ್ಲಾ, ಬೇಡ್ವಾ?” ಎಂದು ಕೇಳಿದ. ಸಂಧಿ ಸಮಾಸ ಕಲಿಸಿದ ಮೇಷ್ಟರಿಗೆ ಇದಕ್ಕೆ ಉತ್ತರ ಎಲ್ಲಿಂದ ಬರಬೇಕು? “ಮುಂದಿನ ವಾರ ಹೇಳ್ತೀನಪ್ಪ” ಎಂದು ಬಂದೆ. ಅನಂತರ ಓದಿ, ಕೇಳಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ವಿಷಯವೇನೆಂದು ನೋಡೋಣ. ಅರಳಿಕಟ್ಟೆಯ ಮೇಲೆ ಇಬ್ಬರು ಚೌಕಾಬಾರ ಆಡಿದರೆ ಸುತ್ತ ಹತ್ತು ಮಂದಿ ನಿಂತು ನೋಡುವುದಿಲ್ಲವೆ? ಆ ಹತ್ತು ಮಂದಿಯ ಜಾಗದಲ್ಲಿ ಹತ್ತು ಸಾವಿರ ಮಂದಿಯನ್ನು ನಿಲ್ಲಿಸುವುದೇ ಈ ಹೊಸ ಬಿತ್ತರ. ಆಟಗಾರ ಆಡುತ್ತಾ ಮಾತನಾಡುತ್ತಾನೆ. ನೋಡುವವರು ಪಕ್ಕದಲ್ಲೇ ಬರೆದು ಶಹಬ್ಬಾಸ್ ಎನ್ನುತ್ತಾರೆ, ತಮಾಷೆ ಮಾಡುತ್ತಾರೆ. ಕೆಲವರು ತಿಂಗಳ ಚಂದಾ ಕೊಡುತ್ತಾರೆ. ಇದಕ್ಕೆಲ್ಲ ಜಾಗ ಒದಗಿಸುವ ಕಂಪನಿ ಚಂದಾದಲ್ಲಿಯೂ ಜಾಹೀರಾತಿನಲ್ಲಿಯೂ ತನ್ನ ಪಾಲು ಹಿಡಿದುಕೊಂಡು ಉಳಿದುದನ್ನು ಆಟಗಾರನಿಗೆ ಕೊಡುತ್ತದೆ. ಆ ಜಾಗಕ್ಕೆ ಹುಡುಗರು ಇಟ್ಟಿರುವ ಹೆಸರು ಪ್ಲಾಟ್‌ಫಾರಂ.

ಈ ಹೆಸರು ಚೆನ್ನಾಗಿಯೇ ಇದೆ. ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ಜನ ಸೇರುವುದು ಅದರ ನೆಲ ನುಣುಪಾಗಿದೆಯೆಂದಲ್ಲ, ಅಲ್ಲಿ ರೈಲು ನಿಲ್ಲುತ್ತದೆಂದು. ರೈಲು ಅಲ್ಲಿ ನಿಲ್ಲುವುದು ಏತಕ್ಕೆ? ಜನ ಅಲ್ಲಿ ಕಾದಿದ್ದಾರೆಂದು. ಪಕ್ಕದಲ್ಲೇ ಇನ್ನೊಬ್ಬರು ಅಮೃತಶಿಲೆಯ ಪ್ಲಾಟ್‌ಫಾರಂ ಕಟ್ಟಿದರೂ ರೈಲಿಲ್ಲದೆ ಜನ ಬರರು, ಜನರಿಲ್ಲದೆ ರೈಲು ನಿಲ್ಲದು. ಹೊಸಬರ ಕಷ್ಟವೆಲ್ಲ ಈ ಒಂದು ಗಂಟಿನಲ್ಲಿದೆ.

ಈ ಗಂಟನ್ನು ಹಣದಿಂದ ಬಿಚ್ಚಲು ಹೊರಟವರ ಕಥೆಯೊಂದು ಅಮೆರಿಕದಲ್ಲಿ ನಡೆಯಿತು. ಅಲ್ಲಿ ಟ್ವಿಚ್ ಎಂಬುದು 2011ರಲ್ಲಿ ಹುಟ್ಟಿ, 2014ರಲ್ಲಿ ಸುಮಾರು 97 ಕೋಟಿ ಡಾಲರಿಗೆ ಅಮೆಜಾನ್ ಕಂಪನಿಯ ಕೈ ಸೇರಿತು. ಅದಕ್ಕೆ ಎದುರಾಗಿ ಮೈಕ್ರೋಸಾಫ್ಟ್ 2016ರಲ್ಲಿ ಬೀಮ್ ಎಂಬ ಸಣ್ಣ ವೇದಿಕೆಯನ್ನು ಕೊಂಡು, ಮರುವರ್ಷ ಅದಕ್ಕೆ ಮಿಕ್ಸರ್ ಎಂದು ಹೆಸರಿಟ್ಟಿತು. ಯಂತ್ರದ ಮಟ್ಟಿಗೆ ಮಿಕ್ಸರ್ ಮೇಲಾಗಿಯೇ ಇತ್ತು. ಟ್ವಿಚ್‌ನಲ್ಲಿ ಆಟಗಾರ ಮಾಡಿದುದು ನೋಡುವವನಿಗೆ ಹಲವು ಸೆಕೆಂಡು ತಡವಾಗಿ ಕಾಣುತ್ತಿದ್ದರೆ, ಇಲ್ಲಿ ಒಂದು ಸೆಕೆಂಡಿನೊಳಗೆ ಕಾಣುತ್ತಿತ್ತು. 2019ರ ಆಗಸ್ಟಿನಲ್ಲಿ ನಿಂಜಾ ಎಂದು ಹೆಸರಾದ ಟ್ವಿಚ್‌ನ ದೊಡ್ಡ ಆಟಗಾರನನ್ನು, ಅಕ್ಟೋಬರಿನಲ್ಲಿ ಶ್ರೌಡ್ ಎಂಬ ಇನ್ನೊಬ್ಬನನ್ನು ಮಿಕ್ಸರ್ ತನ್ನ ಕಡೆಗೆ ಸೆಳೆಯಿತು. ಆದರೂ ನೋಡುವ ಜನ ಸಾಕಷ್ಟು ಬರಲಿಲ್ಲ. 2020ರ ಜೂನ್ 22ರಂದು ಮುಚ್ಚುತ್ತೇವೆಂದು ಸಾರಿ, ಜುಲೈ 22ಕ್ಕೆ ಮುಚ್ಚಿಯೇಬಿಟ್ಟಿತು. ಅದನ್ನೇ ನಂಬಿಕೊಂಡಿದ್ದ ಸಣ್ಣಪುಟ್ಟ ಆಟಗಾರರಿಗೆ ಸಿಕ್ಕಿದುದು ಒಂದು ತಿಂಗಳ ಗಡುವು.

ಹಾಗಾದರೆ ಹಳೆಯದರ ಎದುರು ಹೊಸದು ನಿಲ್ಲಲಾರದೆ? ಹಾಗೂ ಹೇಳುವಂತಿಲ್ಲ. ನಮ್ಮ ರೇಡಿಯೋ ಇತಿಹಾಸದಲ್ಲೇ ಇದಕ್ಕೆ ವಿರುದ್ಧವಾದ ಉದಾಹರಣೆಯಿದೆ. 1952ರಲ್ಲಿ ಬಿ. ವಿ. ಕೇಸ್ಕರರು ವಾರ್ತಾ ಸಚಿವರಾದ ಮೇಲೆ ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಎಡೆಯಿಲ್ಲದಂತಾಯಿತು. ಶಾಸ್ತ್ರೀಯ ಸಂಗೀತ ಬೆಳೆಯಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಕೇಳುಗರು ಗುಂಡಿ ತಿರುಗಿಸಿ ಸಿಲೋನ್ ರೇಡಿಯೋ ಹಿಡಿದರು. ಯುದ್ಧಕಾಲದ ಪ್ರಬಲವಾದ ಶಾರ್ಟ್‌ವೇವ್ ಪ್ರೇಷಕ ಕೊಲಂಬೊ ನಿಲಯದ ಕೈಯಲ್ಲಿತ್ತು. ಜಾಹೀರಾತಿನ ಹಣವೂ ಇತ್ತು. ಆ ವರ್ಷದ ಡಿಸೆಂಬರಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಆರಂಭವಾಯಿತು. ಬುಧವಾರ ರಾತ್ರಿ ಎಂಟು ಗಂಟೆಯಾದರೆ ನಮ್ಮ ಬೀದಿಯ ಒಂದು ಮನೆಯ ಹಾಡು ಮುಂದಿನ ಮನೆಯಲ್ಲಿ ಮುಂದುವರಿಯುತ್ತಿದ್ದುದು ನನ್ನ ಬಾಲ್ಯದ ನೆನಪು. ಗಣಿಯ ಲೈನುಗಳ ಮನೆಗಳಲ್ಲಿ ಸಿಲೋನಿನ ತಮಿಳು ಪ್ರಸಾರ ಕೇಳಿಬರುತ್ತಿತ್ತು.

ಇಂತಹ ಬಲವಾದ ಎದುರಾಳಿಯ ಮುಂದೆ ಆಕಾಶವಾಣಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿತು. ಜನ ಯಾವ ಹಾಡನ್ನು ಅರಸಿ ಕೊಲಂಬೊಗೆ ಹೋಗಿದ್ದರೋ ಅದೇ ಹಾಡನ್ನು ಕೊಟ್ಟಿತು. ಅದರ ಜೊತೆಗೆ ಸೈನಿಕರಿಗಾಗಿ ಜಯಮಾಲಾ, ಕಿರುನಾಟಕಗಳ ಹವಾಮಹಲ್‌ನಂತಹ ತನ್ನದೇ ಕಾರ್ಯಕ್ರಮಗಳನ್ನೂ ಕೊಟ್ಟಿತು. ಆದರೆ ಗೆಲುವು ಮರುದಿನವೇ ಬರಲಿಲ್ಲ. ಜಾಹೀರಾತಿಗೆ ಬಾಗಿಲು ತೆರೆದುದು 1967ರ ನವೆಂಬರ್ 1ರಂದು, ಅದೂ ಮುಂಬಯಿ-ಪುಣೆ-ನಾಗಪುರಗಳಲ್ಲಿ ಮಾತ್ರ. ಗೀತಮಾಲಾ ವಿವಿಧ ಭಾರತಿಗೆ ಬಂದು ಸೇರಿದುದು 1989ರಲ್ಲಿ. ಎದುರಾಳಿಯ ಅಂಗಳದ ಹೂವಿನ ಗಿಡ ಈಚೆಯ ಅಂಗಳದಲ್ಲಿ ಬೇರುಬಿಡಲು ಮೂವತ್ತೆರಡು ವರ್ಷ ಹಿಡಿಯಿತು!

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಾರಣ ಹೊಳೆಯುತ್ತದೆ. ಸಿಲೋನ್ ಕೇಳುಗನಿಗೆ ಬೇಕಾಗಿದ್ದುದು ಹಾಡು, ಕೊಲಂಬೊ ಅಲ್ಲ. ತನ್ನ ನಾಡಿನ ನಿಲಯದಲ್ಲೇ ಹಾಡು ಸಿಕ್ಕಿದಾಗ ಒಂದು ಗುಂಡಿ ತಿರುಗಿಸಿದರೆ ಸಾಕಾಯಿತು. ಟ್ವಿಚ್ ನೋಡುವವರಿಗಾದರೋ ಅಂತಹ ಕೊರತೆಯೇನೂ ಇರಲಿಲ್ಲ. ಇದ್ದುದನ್ನೇ ಇನ್ನಷ್ಟು ಚೆನ್ನಾಗಿ ಕೊಡುತ್ತೇವೆಂದರೆ ಯಾರು ಏಳುತ್ತಾರೆ? ಇನ್ನೂ ಒಂದು ಮಾತಿದೆ. ರೇಡಿಯೋ ಕೇಳುಗ ಒಬ್ಬನೇ ಎದ್ದು ಹೋಗಬಲ್ಲ. ಆಟದ ಬಿತ್ತರ ನೋಡುವವನು ಗುಂಪಿನಲ್ಲಿ ಹರಟುತ್ತಾ ಕುಳಿತವನು. ಅವನು ಜಾಗ ಬಿಟ್ಟರೆ ಗೆಳೆಯರನ್ನೂ ಬಿಡಬೇಕು. ಆಟಗಾರನೊಬ್ಬನನ್ನು ಹಣ ಕೊಟ್ಟು ಕರೆಯಬಹುದು. ಕಟ್ಟೆಯ ಹರಟೆಯನ್ನು ಎತ್ತಿಕೊಂಡು ಬರಲಾಗದು.

ನಮ್ಮ ದೇಶದಲ್ಲಿ ಬಹುಪಾಲು ಫೋನುಗಳಲ್ಲಿ ಮೊದಲೇ ಇರುವ ಯೂಟ್ಯೂಬೇ ಈ ಬಿತ್ತರದ ಹಳೆಯ ಯಜಮಾನ. ಲೋಕೋ, ರೂಟರ್ ಎಂಬ ದೇಶೀಯ ವೇದಿಕೆಗಳು ಅದರೆದುರು ಬಂದವು. ಇವಕ್ಕೆ ಇನ್ನೊಂದು ತೊಡಕಿತ್ತು. ಹುಡುಗರ ಮೆಚ್ಚಿನ ಪಬ್ಜಿ ಆಟವನ್ನು ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. ಅದರ ಬದಲಿಗೆ 2021ರ ಜುಲೈಯಲ್ಲಿ ಬಂದ ಬಿಜಿಎಂಐ ಎಂಬುದನ್ನೂ 2022ರ ಜುಲೈಯಲ್ಲಿ ತಡೆಯಿತು. ಅದು ಮರಳಿದುದು 2023ರ ಮೇ ತಿಂಗಳಲ್ಲಿ. ನಾಟಕವೇ ನಿಂತಾಗ ಸಣ್ಣ ರಂಗಮಂದಿರ ಕಷ್ಟಕ್ಕೆ ಬೀಳುತ್ತದೆ. ಎಲ್ಲ ಬಗೆಯ ಸರಕೂ ಇರುವ ದೊಡ್ಡದು ತಡೆದುಕೊಳ್ಳುತ್ತದೆ.

ಇನ್ನು ಹೆಚ್ಚು ಪಾಲಿನ ಮಾತು. 2022ರ ಕೊನೆಯಲ್ಲಿ ಆರಂಭವಾದ ಕಿಕ್ ಎಂಬ ಹೊರದೇಶದ ವೇದಿಕೆ, ಚಂದಾದ ನೂರು ರೂಪಾಯಿಯಲ್ಲಿ 95 ಆಟಗಾರನಿಗೇ ಎಂದಿತು. ಟ್ವಿಚ್‌ನಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದುದು ಅರ್ಧ. ಇಷ್ಟು ಧಾರಾಳ ಎಲ್ಲಿಂದ ಬಂತೆಂದು ನೋಡಿದರೆ, ಅದರ ಸ್ಥಾಪಕರು ಜೂಜಿನ ಜಾಲತಾಣವೊಂದರ ಸ್ಥಾಪಕರೂ ಹೌದು. ಹಣ ಒಡ್ಡಿ ಆಡುವ ಆಟಗಳನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಕಾನೂನು ಮಾಡಿ ನಿಷೇಧಿಸಿದೆ. ಆದುದರಿಂದ ಕರೆಯುವವರು ಯಾರು, ಅವರಿಗೆ ಹಣ ಬರುವುದೆಲ್ಲಿಂದ ಎಂಬುದನ್ನು ತಂದೆತಾಯಿಗಳು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮುಂದಿನ ವಾರ ಹುಡುಗ ಮತ್ತೆ ಸಿಕ್ಕಿದಾಗ ಮೊದಲು ಲೆಕ್ಕ ಹೇಳಿದೆ. “ನೂರು ರೂಪಾಯಿಯಲ್ಲಿ ಅರ್ಧ ಅಂದರೆ ಐವತ್ತು. ಹತ್ತು ರೂಪಾಯಿಯಲ್ಲಿ ನೂರಕ್ಕೆ ತೊಂಬತ್ತೈದು ಅಂದರೆ ಒಂಬತ್ತೂವರೆ. ಪಾಲು ಎಷ್ಟು ಅಂತ ಕೇಳೋದಕ್ಕೆ ಮುಂಚೆ ಯಾವುದರಲ್ಲಿ ಪಾಲು ಅಂತ ಕೇಳಪ್ಪ.” ಅನಂತರ ಕೇಳಿದೆ: “ನೀನು ಆಡುವಾಗ ಯಾವ ಭಾಷೆಯಲ್ಲಿ ಮಾತಾಡ್ತೀಯ?” ಅವನು ನಕ್ಕ. “ಹಿಂದಿ ಸಾರ್. ಬರಲ್ಲ, ಆದ್ರೂ ಜನ ಬರ್ತಾರೆ ಅಂತ. ಮಧ್ಯೆ ಮಧ್ಯೆ ನಮ್ಮೂರ ಕನ್ನಡ, ತಮಿಳು ಬಂದ್ಬಿಡುತ್ತೆ. ಆಗಲೇ ಜನ ಜಾಸ್ತಿ ನಗೋದು.”

ನನಗೆ ಬೇಕಾದ ಉತ್ತರ ಅಲ್ಲಿತ್ತು. 1952ರಲ್ಲಿ ಕೇಳುಗರಿಗೆ ಹಾಡು ಕೊರತೆಯಾಗಿದ್ದಂತೆ ಈಗ ನಮ್ಮ ಹುಡುಗರಿಗೆ ಕೊರತೆಯಾಗಿರುವುದು ತಮ್ಮ ಮಾತು. ಹಳೆಯದು ಅಲಕ್ಷ್ಯ ಮಾಡಿದ ಈ ಮೂಲೆಯನ್ನು ಹಿಡಿದು, ಕೆಲವು ವರ್ಷ ತಾಳ್ಮೆಯಿಂದ ನಿಲ್ಲುವ ಹೊಸ ವೇದಿಕೆಗೆ ಉಳಿಗಾಲವಿದೆ. ಪಾಲು ಹೆಚ್ಚಿಸಿ ಕರೆಯುವುದಷ್ಟನ್ನೇ ಬಲ್ಲ ವೇದಿಕೆಗೆ ಇಲ್ಲ.

“ಹೊಸ ಕಡೆಯೂ ಆಡು, ಹಳೆಯದನ್ನು ಬಿಡಬೇಡ. ನಮ್ಮಲ್ಲಿ ಮಾತ್ರ ಆಡಬೇಕು ಎನ್ನುವ ಕಾಗದಕ್ಕೆ ಮಾತ್ರ ರುಜು ಹಾಕಬೇಡ” ಎಂದೆ. “ಯಾಕೆ ಸಾರ್?” ಎಂದ.

“ನಿಮ್ಮ ತಾತನ್ನ ಕೇಳು” ಎಂದೆ. ಒಂದೇ ಗಣಿಯನ್ನು ನಂಬಿದ್ದ ಊರು ನಮ್ಮದು. ಅವನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ. ಅಷ್ಟರಲ್ಲಿ ರೈಲು ಬಂತು; ಹತ್ತಿಕೊಂಡ.