ಸುಕ್ಕಿನಲ್ಲಿ ಅಡಗಿದ ಸಿಹಿ

ಮಸಾಲೆಪುರಿಗೆ ನೆನೆಹಾಕುವ ಒಣ ಬಟಾಣಿ ಗುಂಡಗೆ, ನುಣ್ಣಗೆ ಇರುತ್ತದೆ. ಚಳಿಗಾಲದಲ್ಲಿ ಸುಲಿಯುತ್ತಲೇ ಬಾಯಿಗೆ ಹಾಕಿಕೊಳ್ಳುವ ಸಿಹಿ ಬಟಾಣಿಯನ್ನು ಗಿಡದಲ್ಲೇ ಒಣಗಲು ಬಿಟ್ಟು ನೋಡಿ, ಹೆಚ್ಚಿನ ತಳಿಗಳಲ್ಲಿ ಕಾಳು ಮುದುಡಿಕೊಳ್ಳುತ್ತದೆ. ಆ ಸುಕ್ಕಿಗೂ ಈ ಸಿಹಿಗೂ ಕಾರಣ ಒಂದೇ.

ಪಶ್ಚಿಮ ಏಷ್ಯಾದಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಬೆಳೆಯಾದ ಬಟಾಣಿ ಬಹುಕಾಲ ಒಣಕಾಳಾಗಿಯೇ ಹೊಟ್ಟೆ ತುಂಬಿಸಿತು. ಯುರೋಪಿನ ಬಡವರ ಗಂಜಿಗೆ ಅದೇ ಆಧಾರ. ಹಸಿಕಾಳಿನ ಹುಚ್ಚು ಹಿಡಿದದ್ದು ಫ್ರಾನ್ಸಿನ ಅರಮನೆಗೆ. 1660ರ ಜನವರಿಯಲ್ಲಿ ಇಟಲಿಯಿಂದ ತಂದ ಎಳೆಕಾಯಿ ಹದಿನಾಲ್ಕನೇ ಲೂಯಿಯ ಮುಂದೆ ಬಂತು. ರಾಜನ ಪಂಕ್ತಿಯಲ್ಲಿ ಉಂಡೆದ್ದ ಹೆಂಗಸರು ಮನೆಗೆ ಹೋಗಿ ಮಲಗುವ ಮುನ್ನ ಮತ್ತೆ ಬಟಾಣಿ ತಿನ್ನುತ್ತಿದ್ದರೆಂದು 1696ರಲ್ಲಿ ಅದೇ ಅರಮನೆಯ ಮದಾಂ ದ ಮಾಂತನೋಂ ಬರೆದಿದ್ದಾಳೆ. ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ ಬಟಾಣಿ ತಳಿಗಳನ್ನು ಬೆರೆಸಿ, 1799ರಲ್ಲಿ ಆ ಪ್ರಯೋಗಗಳ ವರದಿ ಪ್ರಕಟಿಸಿದ. ಸುಕ್ಕುಕಾಳಿನ ಸಿಹಿ ತಳಿಗಳನ್ನು ಬೆಳೆಸಿದವರಲ್ಲಿ ಅವನೇ ಮುಂಚೂಣಿಯವನು.

ಹಾಗಾಗಿ ಬ್ರನೊ ಮಠದ ಗ್ರೆಗರ್ ಮೆಂಡೆಲ್ 1856ರಲ್ಲಿ ಪ್ರಯೋಗಕ್ಕೆ ಇಳಿದಾಗ ಗುಂಡುಕಾಳು, ಸುಕ್ಕುಕಾಳು ಎರಡೂ ಕೈಗೆ ಸಿಗುತ್ತಿದ್ದವು. ಬಟಾಣಿ ಹೂವು ಎಸಳಿನೊಳಗೇ ತನ್ನ ಪರಾಗದಿಂದ ಫಲಗಟ್ಟುತ್ತದೆ. ಮೊಗ್ಗಿನಲ್ಲೇ ಕೇಸರ ಕಿತ್ತು ಬೇರೆ ಗಿಡದ ಪರಾಗ ಸವರಿದರೆ ತಂದೆ ಯಾರು, ತಾಯಿ ಯಾರು ಎಂಬ ಅನುಮಾನವಿಲ್ಲ. ಮೊದಲ ಪೀಳಿಗೆಯಲ್ಲಿ ಸುಕ್ಕು ಪೂರ್ತಿ ಮಾಯವಾಯಿತು. ಮುಂದಿನ ಪೀಳಿಗೆಯ 7,324 ಕಾಳುಗಳಲ್ಲಿ 5,474 ಗುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೊಂದು. 1865ರಲ್ಲಿ ಅವನು ಇದನ್ನು ಓದಿ ಹೇಳಿದ. ಲೋಕ ಕಿವಿಗೊಟ್ಟದ್ದು 1900ರಲ್ಲಿ, ಅವನು ಸತ್ತು ಹದಿನಾರು ವರ್ಷವಾದ ಮೇಲೆ.

ಸುಕ್ಕೇಕೆ ಎಂಬುದು ತಿಳಿಯಲು 1990 ಬರಬೇಕಾಯಿತು. ಪಿಷ್ಟಕ್ಕೆ ಕವಲು ಮೂಡಿಸುವ ಕಿಣ್ವದ ಜೀನಿನೊಳಗೆ ಸುಮಾರು 800 ಅಕ್ಷರ ಉದ್ದದ ಡಿಎನ್‌ಎ ತುಣುಕೊಂದು ನುಸುಳಿದ್ದನ್ನು ಇಂಗ್ಲೆಂಡಿನ ನಾರಿಚ್‌ನ ವಿಜ್ಞಾನಿಗಳು ಕಂಡರು. ಕಿಣ್ವ ಕೆಟ್ಟರೆ ಪಿಷ್ಟ ಕಡಿಮೆ, ಸಕ್ಕರೆ ಹೆಚ್ಚು. ಸಕ್ಕರೆ ನೀರೆಳೆದು ಎಳೆಕಾಳು ಉಬ್ಬುತ್ತದೆ. ಒಣಗುವಾಗ ಆ ನೀರು ಹೋಗಿ, ಸಿಪ್ಪೆ ಸಡಿಲಾಗಿ ಸುಕ್ಕುಗಟ್ಟುತ್ತದೆ. ಮೂರಕ್ಕೊಂದು ಎಂದು ಬಾಯಿಪಾಠ ಮಾಡುವ ಪಿಯುಸಿ ಮಕ್ಕಳಿಗೆ ಮೇಷ್ಟ್ರು ಈ ರುಚಿಯ ಕಥೆಯನ್ನೂ ಹೇಳಿದರೆ ಚೆನ್ನ.

ನಮ್ಮಲ್ಲಿ ಬೆಳೆಯುವ ಅರ್ಕೆಲ್ ತಳಿಯ ಬೀಜವೂ ಸುಕ್ಕಿನದೇ. ಹಿತ್ತಿಲಿಗೆಂದು ಬೀಜ ಕೊಳ್ಳುವವರು ಕಾಳು ಮುದುಡಿದೆ ಎಂದು ಪೊಟ್ಟಣ ಹಿಂದಿರುಗಿಸಬೇಡಿ.